ಲ್ಯಾಟಿನ್ ಗೊತ್ತಿದ್ದವರು ಹೇಳಿ: ‘ಕಡಿಯುವ ಆಳು’, ‘ಕಡಿಯುವ ಮರ’ ಮತ್ತು ಭವಿಷ್ಯತ್ ಕೃದಂತ

ಮುಳ್ಳೇರಿಯದ ತೋಟದವಳು

ನಮಸ್ಕಾರ. ನಾನು ಭಾಷೆ ಓದಿದವಳಲ್ಲ. ಓದಿದ್ದು ಸಸ್ಯಶಾಸ್ತ್ರ, ಈಗ ನೋಡಿಕೊಳ್ಳುತ್ತಿರುವುದು ಅಡಿಕೆ ತೋಟ. ಮೂರು ತಿಂಗಳ ಹಿಂದೆ ಮಂಗಳೂರಿನ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಬೆನ್ನು ಕಿತ್ತುಹೋದ ಲ್ಯಾಟಿನ್ ವ್ಯಾಕರಣ ಎಂಬತ್ತು ರೂಪಾಯಿಗೆ ಸಿಕ್ಕಿತು. ಕೊಳ್ಳಲು ಕಾರಣ ‘ಹಾರ್ಟಸ್ ಮಲಬಾರಿಕಸ್’. ಮಲಬಾರಿನ ಗಿಡಮರಗಳ ಬಗ್ಗೆ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಗ್ರಂಥ ಅದು. ಇಂಗ್ಲಿಷ್ ಅನುವಾದ ಬಂದಿದೆ, ಮಲಯಾಳದ್ದೂ ಬಂದಿದೆ. ಆದರೂ ನಮ್ಮ ಹಿತ್ತಿಲಿನ ಗಿಡದ ಬಗ್ಗೆ ಮುನ್ನೂರು ವರ್ಷಗಳ ಹಿಂದೆ ಬರೆದದ್ದನ್ನು ಆ ಮಾತಿನಲ್ಲೇ ಓದಬೇಕೆಂಬ ಹಟ. ಮನೆಯವರು ಈ ಹಟಕ್ಕೆ ಬೇರೊಂದು ಹೆಸರು ಇಟ್ಟಿದ್ದಾರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ವಿಭಕ್ತಿಗಳು ನನ್ನನ್ನು ಹೆದರಿಸಲಿಲ್ಲ. ಕನ್ನಡ ಮಾಧ್ಯಮದಲ್ಲಿ ಪ್ರಥಮಾ, ದ್ವಿತೀಯಾ ಎಂದು ಬಾಯಿಪಾಠ ಮಾಡಿದವರಿಗೆ ಅದೇನು ಮಹಾ. ಸಿಕ್ಕಿಬಿದ್ದದ್ದು ಕೃದಂತದಲ್ಲಿ, ಅಂದರೆ ಕ್ರಿಯಾಪದದಿಂದ ಹುಟ್ಟಿ ವಿಶೇಷಣದ ಹಾಗೆ ನಡೆಯುವ ಶಬ್ದದಲ್ಲಿ. ಅಭ್ಯಾಸದ ಎರಡು ವಾಕ್ಯಗಳನ್ನು ಕೊಡುತ್ತೇನೆ:

ಅಗ್ರಿಕೊಲ ಅರ್ಬೊರೆಮ್ ಕೈಸೂರುಸ್ ಸ್ತತ್.
ಅರ್ಬೊರ್ ಅಗ್ರಿಕೊಲೈ ಕೈದೆಂದ ಎಸ್ತ್.

ಅಗ್ರಿಕೊಲ ಎಂದರೆ ಕೃಷಿಕ, ಅರ್ಬೊರ್ ಎಂದರೆ ಮರ, ಕ್ರಿಯಾಪದ ‘ಕಡಿ’. ಕೈಸೂರುಸ್, ಕೈದೆಂದ ಎರಡೂ ಭವಿಷ್ಯತ್ ಕೃದಂತಗಳು ಎನ್ನುತ್ತದೆ ಪುಸ್ತಕ. ನಾನು ಮೊದಲನೆಯದಕ್ಕೆ ‘ಮರ ಕಡಿಯುವ ಕೃಷಿಕ ನಿಂತಿದ್ದಾನೆ’ ಎಂದು ಬರೆದೆ. ಎರಡನೆಯದಕ್ಕೆ ‘ಇದು ಕೃಷಿಕ ಕಡಿಯುವ ಮರ’ ಎಂದು ಬರೆದೆ. ಎರಡೂ ಕಡೆ ‘ಕಡಿಯುವ’. ಕನ್ನಡದ ಕಿವಿಗೆ ಇದರಲ್ಲಿ ಏನೂ ಕೊರತೆ ಇಲ್ಲ. ಪುಸ್ತಕದ ಕೊನೆಯ ಉತ್ತರಗಳಲ್ಲಿ ಮಾತ್ರ ಮೊದಲನೆಯದು ‘ಇನ್ನೇನು ಕಡಿಯಲಿರುವ’ ಎಂದಿದೆ, ಎರಡನೆಯದು ‘ಕಡಿಯಬೇಕು’ ಎಂದಿದೆ. ಈ ‘ಬೇಕು’ ಎಲ್ಲಿಂದ ಬಂತು? ವಾಕ್ಯದಲ್ಲಿ ಅಂಥ ಶಬ್ದವೇ ಇಲ್ಲ. ಒಂದೇ ಕ್ರಿಯಾಪದ ಒಂದು ಕಡೆ ‘ಕೈಸ್’, ಇನ್ನೊಂದು ಕಡೆ ‘ಕೈದ್’ ಆದದ್ದು ಏಕೆ? ಎರಡನೆಯ ವಾಕ್ಯದಲ್ಲಿ ಕೃಷಿಕನಿಗೆ ಚತುರ್ಥಿ ಏಕೆ? ಕಡಿಯುವವನು ಅವನೇ ತಾನೇ?

ಮೂರು ರಾತ್ರಿ ಕಳೆಯಿತು. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಔಷಧದಂಗಡಿ, ಉಪ್ಪಳ

ಅಕ್ಕ, ನನಗೆ ಗೊತ್ತಿರುವ ಲ್ಯಾಟಿನ್ ವೈದ್ಯರ ಚೀಟಿಯಲ್ಲಿ ಇರುವಷ್ಟೇ. ನಿಮ್ಮ ಪ್ರಶ್ನೆ ಓದುತ್ತಿದ್ದಾಗ ಮೇಜಿನ ಮೇಲೆ ಒಂದು ಚೀಟಿ ಇತ್ತು. ಜ್ವರದ ಮಾತ್ರೆಯ ಹೆಸರು, ಅದರ ಪಕ್ಕದಲ್ಲಿ ‘ಟಿ.ಡಿ.ಎಸ್.’. ಆದಾಯ ತೆರಿಗೆಯದ್ದಲ್ಲ, ಆ ನೋವಿಗೆ ನಮ್ಮಲ್ಲಿ ಮಾತ್ರೆ ಇಲ್ಲ. ಡಿಪ್ಲೊಮಾ ಓದುವಾಗ ಇದನ್ನು ಬಾಯಿಪಾಠ ಮಾಡಿಸಿದ್ದರು: ‘ತೆರ್ ದಿಯೇ ಸೂಮೆಂದುಮ್’. ತೆರ್ ಎಂದರೆ ಮೂರು ಸಲ, ದಿಯೇ ದಿನಕ್ಕೆ, ಸೂಮೆಂದುಮ್ ತೆಗೆದುಕೊಳ್ಳತಕ್ಕದ್ದು. ನಿಮ್ಮ ಕೈದೆಂದವೂ ನನ್ನ ಸೂಮೆಂದುಮ್ಮೂ ಒಂದೇ ಅಚ್ಚಿನವು.

ನಿಯಮ ಸುಲಭ. ‘ಊರುಸ್’ ಬಂದರೆ ಕರ್ತರಿ, ‘ಎಂದುಸ್’ ಬಂದರೆ ಕರ್ಮಣಿ. ಎರಡೂ ಭವಿಷ್ಯತ್ಕಾಲವೇ. ಒಂದು ‘ಕಡಿಯಲಿರುವ’, ಇನ್ನೊಂದು ‘ಕಡಿಯಲ್ಪಡಲಿರುವ’. ಇಷ್ಟಕ್ಕೆ ಮೂರು ರಾತ್ರಿ ನಿದ್ದೆ ಕೆಡಬೇಡಿ.

ಸೆಮಿನರಿ ಬಿಟ್ಟವನು, ಮಂಜೇಶ್ವರ

ಔಷಧದಂಗಡಿಯವರ ಉದಾಹರಣೆ ಬಹಳ ಒಳ್ಳೆಯದು, ನಿಯಮ ಅರ್ಧ ಮಾತ್ರ ಸರಿ. ಅವರ ಉದಾಹರಣೆಯೇ ಅವರ ನಿಯಮವನ್ನು ಮುರಿಯುತ್ತದೆ. ‘ಸೂಮೆಂದುಮ್’ ಎಂದರೆ ‘ಸೇವಿಸಲ್ಪಡಲಿರುವ’ ಎಂದಾದರೆ ವೈದ್ಯರು ಚೀಟಿಯಲ್ಲಿ ಭವಿಷ್ಯ ನುಡಿದ ಹಾಗಾಯಿತು. ಅವರು ನುಡಿಯುವುದು ಭವಿಷ್ಯವಲ್ಲ, ಅಪ್ಪಣೆ. ಸ್ವಾಮಿ, ನೀವೇ ‘ತೆಗೆದುಕೊಳ್ಳತಕ್ಕದ್ದು’ ಎಂದು ಸರಿಯಾಗಿ ಬರೆದು ಆಮೇಲೆ ನಿಯಮದಲ್ಲಿ ಅದನ್ನು ಮರೆತಿರಿ.

ನನ್ನ ಅರ್ಹತೆ ಕೇಳುವವರಿಗೆ: ಪಾದ್ರಿಯಾಗಲೆಂದು ಹೋಗಿ ಮೂರು ವರ್ಷ ಲ್ಯಾಟಿನ್ ಕಲಿತೆ, ಪಾದ್ರಿಯಾಗಲಿಲ್ಲ. ಈಗ ಒಂದು ಐಸ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ.

ಮೊದಲು ‘ಕೈಸ್’ ಮತ್ತು ‘ಕೈದ್’. ನಿಮ್ಮ ಪುಸ್ತಕದಲ್ಲಿ ಪ್ರತಿ ಕ್ರಿಯಾಪದಕ್ಕೂ ನಾಲ್ಕು ಮೂಲರೂಪಗಳು ಇರುತ್ತವೆ. ಈ ‘ಕಡಿ’ಗೆ ಕೈದೋ, ಕೈದೆರೆ, ಕೆಕೀದಿ, ಕೈಸುಮ್. ‘ಊರುಸ್’ ಕೃದಂತ ಹುಟ್ಟುವುದು ನಾಲ್ಕನೆಯ ರೂಪದಿಂದ: ಕೈಸ್ + ಊರ್ + ಉಸ್. ‘ಎಂದುಸ್’ ಕೃದಂತ ಹುಟ್ಟುವುದು ವರ್ತಮಾನದ ಧಾತುವಿನಿಂದ: ಕೈದ್ + ಎಂದ್ + ಉಸ್, ಮರ ಸ್ತ್ರೀಲಿಂಗವಾದ್ದರಿಂದ ಕೈದೆಂದ. ಅಗ್ರಿಕೊಲ ‘ಅ’ದಲ್ಲಿ ಮುಗಿದರೂ ಪುಲ್ಲಿಂಗ, ಅದಕ್ಕೇ ಅವನಿಗೆ ಕೈಸೂರುಸ್.

ತಮಾಷೆಯೆಂದರೆ, ಅದೇ ನಾಲ್ಕನೆಯ ರೂಪದ ಧಾತುವಿನಿಂದ ಭೂತ ಕೃದಂತವೂ ಹುಟ್ಟುತ್ತದೆ. ‘ಕೈಸುಸ್’ ಎಂದರೆ ಕಡಿದುಹಾಕಿದ, ಅಂದರೆ ಕಡಿಸಿಕೊಂಡ. ನಡುವೆ ಒಂದು ‘ಊರ್’ ಸೇರಿದ ತಕ್ಷಣ ಕಡಿಸಿಕೊಂಡದ್ದು ಕಡಿಯಲಿರುವವನಾಗುತ್ತದೆ. ಕಾಲವೂ ಬದಲು, ಪಕ್ಷವೂ ಬದಲು. ನಾನು ಇದನ್ನು ನೆನಪಿಟ್ಟುಕೊಂಡದ್ದು ಕನ್ನಡದ ‘ಊರು’ ಹಿಡಿದು. ಒಬ್ಬ ಚೀಲ ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದಾನೆ. ಊರಿಗೆ ಹೊರಟಿದ್ದಾನೆ, ಇನ್ನೂ ಹೋಗಿಲ್ಲ. ಬಸ್ಸು ಬಾರದೆಯೂ ಇರಬಹುದು. ‘ಊರುಸ್’ ಎಂದರೆ ಅವನು.

ಬಸ್ಸು ಬಾರದೆ ಇರಬಹುದು ಎಂದದ್ದು ಸುಮ್ಮನೆ ಅಲ್ಲ. ‘ಮೊರಿತೂರಿ ತೇ ಸಲೂತಂತ್’ ಎಂಬುದನ್ನು ಎಲ್ಲಿಯಾದರೂ ಕೇಳಿರುತ್ತೀರಿ: ‘ಸಾಯಲಿರುವವರು ನಿನಗೆ ವಂದಿಸುತ್ತಾರೆ’. ಎಲ್ಲ ಗ್ಲಾಡಿಯೇಟರುಗಳೂ ದಿನವೂ ಹೀಗೆ ಹೇಳುತ್ತಿದ್ದರು ಎಂದು ಜನ ನಂಬಿದ್ದಾರೆ. ನಮಗೆ ಸಿಗುವ ದಾಖಲೆ ಒಂದೇ ಒಂದು ಸಂದರ್ಭದ್ದು. ಕ್ರಿ.ಶ. 52ರಲ್ಲಿ ಫೂಕಿನುಸ್ ಸರೋವರದ ನೀರನ್ನು ಬಸಿಯುವ ಮೊದಲು ಚಕ್ರವರ್ತಿ ಕ್ಲೌದಿಯುಸ್ ಅಲ್ಲಿ ಹಡಗುಗಳ ಕಾಳಗ ಏರ್ಪಡಿಸಿದ. ಹೋರಾಡಲು ಬಂದವರು ಶಿಕ್ಷೆಗೆ ಗುರಿಯಾದ ಅಪರಾಧಿಗಳು. ರೋಮಿನ ಚರಿತ್ರಕಾರ ಸುಯೆತೋನಿಯುಸ್ ಹೇಳುವಂತೆ ಅವರು ಹೀಗೆ ವಂದಿಸಿದಾಗ ಕ್ಲೌದಿಯುಸ್ ‘ಔತ್ ನೋನ್’ ಎಂದ. ‘ಅಥವಾ ಇಲ್ಲ’ ಎಂದು. ಅಷ್ಟೇ ಸಾಕಾಯಿತು. ನಮಗೆ ಕ್ಷಮಾದಾನ ಸಿಕ್ಕಿತು ಎಂದು ಯಾರೂ ಕಾದಾಡಲು ಒಪ್ಪಲಿಲ್ಲ. ಕೊನೆಗೆ ಚಕ್ರವರ್ತಿಯೇ ಆಸನದಿಂದ ಹಾರಿ ಎದ್ದು, ತಟ್ಟಾಡುವ ಕಾಲಿನಲ್ಲಿ ದಡದ ಉದ್ದಕ್ಕೂ ಓಡಾಡಿ, ಒಂದಿಷ್ಟು ಗದರಿಸಿ ಒಂದಿಷ್ಟು ಹುರಿದುಂಬಿಸಿ ಕಾಳಗಕ್ಕೆ ಇಳಿಸಬೇಕಾಯಿತು. ಆ ‘ಅಥವಾ ಇಲ್ಲ’ಕ್ಕೆ ಎಡೆ ಮಾಡಿಕೊಟ್ಟದ್ದು ‘ಊರ್’. ಸಾಯುವ ಅಂಚಿನಲ್ಲಿ ನಿಂತಿದ್ದೇವೆ ಎನ್ನುತ್ತದೆ ಮೊರಿತೂರಿ, ಸಾಯಲೇಬೇಕು ಎನ್ನುವುದಿಲ್ಲ.

‘ಎಂದುಸ್’ನಲ್ಲಿ ಆ ಸಡಿಲು ಇಲ್ಲ. ‘ಕಾರ್ಥಾಗೋ ದೇಲೆಂದ ಎಸ್ತ್’ ಎಂಬ ಮಾತು ರೋಮಿನ ರಾಜಕಾರಣಿ ಕಾತೋನ ಹೆಸರಿನಲ್ಲಿ ಓಡಾಡುತ್ತದೆ. ಈ ಅಚ್ಚುಕಟ್ಟಾದ ರೂಪ ನಂತರದವರು ಕಟ್ಟಿದ್ದು, ಆದರೆ ಮುದುಕ ಯಾವ ವಿಷಯದ ಮೇಲೆ ಮಾತಾಡಿದರೂ ಕೊನೆಗೆ ಕಾರ್ಥೇಜಿನ ಗೊಡವೆಗೇ ಬರುತ್ತಿದ್ದ ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಕಾರ್ಥೇಜ್ ನಾಶವಾಗಲಿದೆ ಎಂದು ಕಾತೋ ಕಣಿ ಹೇಳಿದ್ದಲ್ಲ. ನಾಶ ಮಾಡಬೇಕು ಎಂದು ಹಟ ಹಿಡಿದದ್ದು. ಕ್ರಿ.ಪೂ. 149ರಲ್ಲಿ ಅವನು ಸತ್ತ, 146ರಲ್ಲಿ ನಗರವೂ ಹೋಯಿತು.

ಈಗ ನಿಮ್ಮ ತೋಟಕ್ಕೆ ಬನ್ನಿ. ಕಡಿಸಬೇಕಾದ ಮರಕ್ಕೆ ನಿಮ್ಮಲ್ಲಿ ಸುಣ್ಣದ ಗುರುತು ಹಾಕುತ್ತಾರಲ್ಲ? ಆ ಸುಣ್ಣದ ಗುರುತೇ ಕೈದೆಂದ. ಮರದ ಬುಡದಲ್ಲಿ ಕೊಡಲಿ ಹಿಡಿದು, ಬೀಡಿ ಮುಗಿಸಿ, ಮುಂಡಾಸು ಬಿಗಿದುಕೊಳ್ಳುತ್ತಿರುವವನು ಕೈಸೂರುಸ್. ಕನ್ನಡದ ‘ಕಡಿಯುವ’ ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಪಕ್ಕದಲ್ಲಿ ನಾಮಪದ ಯಾವುದಿದೆ ಎಂದು ನೋಡಿ ನಾವು ತಿಳಿದುಕೊಳ್ಳುತ್ತೇವೆ. ಲ್ಯಾಟಿನ್ ಹಾಗೆ ಬಿಡುವುದಿಲ್ಲ, ಕೃದಂತದ ಒಳಗೇ ಹೇಳಿಬಿಡುತ್ತದೆ. ನಿಮ್ಮ ಮೂರು ರಾತ್ರಿಯ ಗಂಟು ಇದೇ.

ಚತುರ್ಥಿಯ ಪ್ರಶ್ನೆ ಬಾಕಿ ಇದೆ. ಎಂದುಸ್ ಜೊತೆಗೆ ಕರ್ತೃ ಚತುರ್ಥಿಯಲ್ಲಿ ಬರುತ್ತದೆ ಎಂದು ನಮಗೆ ಕಲಿಸಿದರು, ಏಕೆ ಎಂದು ಕೇಳಿದರೆ ‘ಬಾಯಿಪಾಠ ಮಾಡು’ ಎಂದರು. ನಾನೂ ಅಷ್ಟನ್ನೇ ದಾಟಿಸುತ್ತಿದ್ದೇನೆ.

ನಿವೃತ್ತ ಮಾಷ್ಟ್ರು, ನೀರ್ಚಾಲು

ಲ್ಯಾಟಿನ್ ನನಗೆ ಬರುವುದಿಲ್ಲ. ಮೂವತ್ತೊಂದು ವರ್ಷ ಕನ್ನಡ ಕಲಿಸಿದೆ, ಅದಕ್ಕೂ ಮೊದಲು ಅಜ್ಜನ ಒತ್ತಾಯಕ್ಕೆ ಒಂದಷ್ಟು ಸಂಸ್ಕೃತ ಕಲಿತೆ. ಮಂಜೇಶ್ವರದವರ ಉತ್ತರ ಓದಿ ಮಧ್ಯಾಹ್ನದ ನಿದ್ದೆ ಹಾರಿಹೋಯಿತು.

ಮಗಳೇ, ನೀನು ಶಾಲೆಯಲ್ಲಿ ರೇಖಾಗಣಿತದ ಪ್ರಮೇಯ ಬರೆಯುವಾಗ ‘ದತ್ತ’ ಎಂದು ಒಂದು ಸಾಲು, ಅದರ ಕೆಳಗೆ ‘ಸಾಧನೀಯ’ ಎಂದು ಇನ್ನೊಂದು ಸಾಲು ಬರೆದದ್ದು ನೆನಪಿದೆಯೇ? ಆ ‘ಸಾಧನೀಯ’ವೇ ನಿನ್ನ ಎಂದುಸ್. ಸಾಧಿಸಬೇಕಾದದ್ದು, ಸಾಧಿಸಲು ತಕ್ಕದ್ದು. ಇಂಗ್ಲಿಷಿನವರು ಪ್ರಮೇಯ ಮುಗಿಸಿ ‘ಕ್ಯು.ಇ.ಡಿ.’ ಎಂದು ಬರೆಯುತ್ತಿದ್ದರಲ್ಲ, ಅದರ ಬಿಡಿರೂಪ ‘ಕ್ವೋದ್ ಎರತ್ ದೇಮೋನ್‌ಸ್ತ್ರಂದುಮ್’ ಎಂದು ನಮ್ಮ ಗಣಿತದ ಸಹೋದ್ಯೋಗಿ ಹೇಳುತ್ತಿದ್ದರು. ಈಗ ನೋಡಿದರೆ ಅಲ್ಲಿಯೂ ‘ಅಂದುಮ್’.

ಪಾಣಿನಿ ಇದಕ್ಕೆ ‘ಕೃತ್ಯ’ ಪ್ರತ್ಯಯಗಳು ಎನ್ನುತ್ತಾನೆ. ತವ್ಯ, ಅನೀಯ, ಯ. ಕರ್ತವ್ಯ ಎಂದರೆ ಮಾಡಬೇಕಾದದ್ದು, ಸ್ಮರಣೀಯ ಎಂದರೆ ನೆನೆಯಬೇಕಾದದ್ದು, ಪೇಯ ಎಂದರೆ ಕುಡಿಯತಕ್ಕದ್ದು. ಕರ್ತವ್ಯದಲ್ಲಿ ‘ಬೇಕು’ ಎಲ್ಲಿದೆ ಎಂದು ನಾವು ಯಾರಾದರೂ ಕೇಳಿದ್ದೇವೆಯೇ? ಪ್ರತ್ಯಯದ ಒಳಗೇ ಇದೆ. ಲ್ಯಾಟಿನ್ನಿನಲ್ಲೂ ಹಾಗೆಯೇ ಇರಬೇಕು. ಶುದ್ಧ ಕನ್ನಡದಲ್ಲಿ ಬೇಕೆಂದರೆ ‘ತಕ್ಕದ್ದು’ ಇದೆ. ‘ಅರ್ಜಿಯನ್ನು ಸಲ್ಲಿಸತಕ್ಕದ್ದು’ ಎಂಬ ನೋಟೀಸು ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲಿ ಕಾಣಸಿಕ್ಕಿದ ದಿನ ನಾನು ಒಂದು ಕ್ಷಣ ನಿಂತು ಓದುತ್ತೇನೆ, ಅರ್ಜಿ ಹಾಕಲಿಕ್ಕೆ ಇಲ್ಲದಿದ್ದರೂ.

‘ಊರುಸ್’ಗೂ ಸಂಸ್ಕೃತದಲ್ಲಿ ಜೊತೆ ಇದೆ. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ರಥವನ್ನು ಎರಡು ಸೇನೆಗಳ ನಡುವೆ ನಿಲ್ಲಿಸು ಎನ್ನುವಾಗ 22ನೆಯ ಶ್ಲೋಕದಲ್ಲಿ ‘ಯೋದ್ಧವ್ಯಮ್’ ಎಂದಿದೆ, ಅಂದರೆ ‘ನಾನು ಯಾರೊಡನೆ ಕಾದಬೇಕು’. ಅದರ ಮರುಶ್ಲೋಕದಲ್ಲೇ ‘ಯೋತ್ಸ್ಯಮಾನಾನ್’ ಎಂದಿದೆ, ಅಂದರೆ ‘ಕಾದಲಿರುವವರನ್ನು’. ಒಂದು ಮರದ ಸುಣ್ಣ, ಇನ್ನೊಂದು ಕೊಡಲಿ ಹಿಡಿದವನು. ಅಷ್ಟು ಹತ್ತಿರ ಹತ್ತಿರ ಇಟ್ಟಿದ್ದಾರೆ. ಐವತ್ತು ವರ್ಷದಿಂದ ಪಾರಾಯಣ ಮಾಡುತ್ತಿದ್ದೇನೆ, ಇವೆರಡನ್ನು ಅಕ್ಕಪಕ್ಕದಲ್ಲಿ ಕಂಡದ್ದು ಇವತ್ತು.

‘ಭವಿಷ್ಯತ್’ ಎಂಬ ಶಬ್ದವೂ ಇಂಥ ಕೃದಂತವೇ. ‘ಭೂ’ ಧಾತು, ಅರ್ಥ ‘ಆಗಲಿರುವುದು’.

ಇನ್ನು ಚತುರ್ಥಿ. ಸಂಸ್ಕೃತದಲ್ಲಿ ಇಂಥ ಕಡೆ ‘ಮಯಾ ಕರ್ತವ್ಯಮ್’ ಎಂದು ತೃತೀಯಾ ಬರುತ್ತದೆ, ‘ಮಮ ಕರ್ತವ್ಯಮ್’ ಎಂದು ಷಷ್ಠಿಯೂ ಆಗಬಹುದು ಎಂದು ಪಾಣಿನಿ ವಿಕಲ್ಪ ಕೊಟ್ಟಿದ್ದಾನೆ. ಚತುರ್ಥಿ ಅಲ್ಲಿ ಇಲ್ಲ. ಹಾಗಾದರೆ ಎಲ್ಲಿದೆ? ನಮ್ಮ ಬಾಯಲ್ಲಿದೆ. ತುಳುವಿನಲ್ಲಿ ‘ಎಂಕ್ ಪೋವೊಡು’, ಮಲಯಾಳದಲ್ಲಿ ‘ಎನಿಕ್ಕ್ ಪೋಕಣಂ’, ನಮ್ಮ ಹವ್ಯಕದಲ್ಲಿ ‘ಎನಗೆ ಹೋಯೆಕ್ಕು’. ಎಲ್ಲವೂ ‘ನನಗೆ’ ಎಂದೇ ಶುರು. ಇದೇ ಗಾಳಿಯಲ್ಲಿ ಬೆಳೆದ ಮಕ್ಕಳು ಕನ್ನಡದಲ್ಲೂ ‘ನನಗೆ ಮನೆಗೆ ಹೋಗಬೇಕು’ ಎಂದು ಬರೆಯುತ್ತಿದ್ದರು. ನಾನು ಪ್ರತಿ ಸಲವೂ ಕೆಂಪು ಶಾಯಿಯಲ್ಲಿ ‘ನನಗೆ’ ಹೊಡೆದುಹಾಕಿ ‘ನಾನು’ ಎಂದು ಬರೆದು ಅರ್ಧ ಅಂಕ ಕಳೆಯುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಎಷ್ಟು ಅರ್ಧ ಅಂಕಗಳಾದವೋ. ಪುಸ್ತಕದ ಕನ್ನಡಕ್ಕೆ ‘ನಾನು’ ಸರಿ, ಆ ಮಾತಿಗೆ ಈಗಲೂ ಬದ್ಧ. ಆದರೆ ರೋಮಿನವನು ಕೂಡ ‘ನನಗೆ’ ಎನ್ನುತ್ತಿದ್ದ ಎಂದು ಆಗಲೇ ಗೊತ್ತಿದ್ದರೆ ಕಾಲು ಅಂಕ ಮಾತ್ರ ಕಳೆಯುತ್ತಿದ್ದೆನೇನೋ.

ಸೆಮಿನರಿ ಬಿಟ್ಟವನು, ಮಂಜೇಶ್ವರ

ಮಾಷ್ಟ್ರೇ, ಕೈ ಮುಗಿದೆ. ‘ಮಿಹಿ ದಿಸ್ಕೇದೆಂದುಮ್ ಎಸ್ತ್’. ಮಿಹಿ ನನಗೆ, ದಿಸ್ಕೇದೆಂದುಮ್ ಹೊರಡತಕ್ಕದ್ದು. ‘ನನಗೆ ಹೊರಡಬೇಕು’. ಶಬ್ದಕ್ಕೆ ಶಬ್ದ ಕೂರುತ್ತದೆ. ಬಾಯಿಪಾಠ ಮಾಡು ಎಂದವರು ‘ಎಂಕ್ ಪೋವೊಡು’ ಎಂದಿದ್ದರೆ ತುಳು ಬರುವ ನಾವೆಲ್ಲ ಒಂದೇ ದಿನದಲ್ಲಿ ಕಲಿಯುತ್ತಿದ್ದೆವು.

ಭವಿಷ್ಯತ್ ಬಗ್ಗೆ ಒಂದು ಮಾತು. ಲ್ಯಾಟಿನ್ನಿನಲ್ಲಿ ‘ಆಗಲಿರುವ’ ಎಂಬುದಕ್ಕೆ ‘ಫುತೂರುಸ್’. ಆ ‘ಫು’ ಮತ್ತು ನಿಮ್ಮ ‘ಭೂ’ ಒಂದೇ ಮೂಲದ್ದು. ಇಂಗ್ಲಿಷಿನ ಫ್ಯೂಚರ್ ಅದರಿಂದ ಬಂತು, ನಮ್ಮ ಭವಿಷ್ಯ ಇದರಿಂದ ಬಂತು.

ಮುಳ್ಳೇರಿಯದ ತೋಟದವಳು

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಲಿ. ಮಾಷ್ಟ್ರೇ, ಆ ಅರ್ಧ ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬಳು. ನಿಮ್ಮ ಶಾಲೆಯಲ್ಲಿ ಅಲ್ಲ, ಬೇರೆ ಕಡೆ, ಆದರೆ ಶಾಯಿಯ ಬಣ್ಣ ಅದೇ.

ಸುಣ್ಣದ ಗುರುತು ಎಂದ ತಕ್ಷಣ ಎಲ್ಲವೂ ತಿಳಿಯಿತು. ಕೆರೆಯ ಬದಿಯ ಎರಡು ತೆಂಗಿಗೆ ಮಾವ ಕಳೆದ ವಾರವೇ ಸುಣ್ಣ ಬಳಿದಿದ್ದಾರೆ. ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ‘ಕೈದೆಂದೈ, ಕೈದೆಂದೈ’ ಎಂದು ಬಹುವಚನದಲ್ಲಿ ಹೇಳಿಕೊಂಡೆ. ಹುಲ್ಲು ಕೊಯ್ಯುತ್ತಿದ್ದವರು ತಲೆ ಎತ್ತಿ ನೋಡಿದರು.

ನಾಚಿಕೆಯ ವಿಷಯವೊಂದನ್ನು ಹೇಳಬೇಕು. ಸಸ್ಯಗಳ ಹೆಸರಿಸುವಿಕೆಯಲ್ಲಿ ‘ನೋಮೆನ್ ಕೊನ್ಸೆರ್ವಂದುಮ್’ ಎಂಬ ಮಾತಿದೆ. ನಿಯಮದ ಪ್ರಕಾರ ಬಿದ್ದುಹೋಗಬೇಕಾಗಿದ್ದ ಒಂದು ಹೆಸರನ್ನು, ಬಳಕೆಯಲ್ಲಿ ಗಟ್ಟಿಯಾಗಿದೆ ಎಂಬ ಕಾರಣಕ್ಕೆ, ತೀರ್ಮಾನ ಮಾಡಿ ಕಾಯ್ದುಕೊಳ್ಳುವುದು. ಎರಡು ವರ್ಷ ಇದನ್ನು ‘ಉಳಿಸಿದ ಹೆಸರು’ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಉಳಿಸಿದ್ದಲ್ಲ, ‘ಉಳಿಸಿಕೊಳ್ಳತಕ್ಕ ಹೆಸರು’. ಎದುರಿನದು ‘ರೆಯಿಕಿಯೆಂದುಮ್’, ತಳ್ಳಿಹಾಕತಕ್ಕದ್ದು. 2011ರ ಕೊನೆಯವರೆಗೂ ಹೊಸ ಗಿಡಕ್ಕೆ ಹೆಸರಿಡಬೇಕಾದರೆ ಅದರ ವಿವರಣೆಯನ್ನೋ ಲಕ್ಷಣವನ್ನೋ ಲ್ಯಾಟಿನ್ನಿನಲ್ಲಿ ಕೊಡಲೇಬೇಕಿತ್ತು. 2012ರಿಂದ ಇಂಗ್ಲಿಷೂ ಆಗುತ್ತದೆ. ನಾವೆಲ್ಲ ಆ ಸಾಲುಗಳನ್ನು ಮಂತ್ರದ ಹಾಗೆ ದಾಟಿ ಹೋದವರು.

ಎರಡು ಸಣ್ಣ ಸಂಶಯ. ಸಾಯುವುದಕ್ಕೆ ‘ಮೊರ್ತೂರಿ’ ಆಗದೆ ‘ಮೊರಿತೂರಿ’ ಆದದ್ದು ಹೇಗೆ? ಸತ್ತ ಎಂಬುದು ‘ಮೊರ್ತುಉಸ್’ ಎಂದು ಪುಸ್ತಕದಲ್ಲಿದೆ. ಮತ್ತೆ, ನಾನು ಹೆಂಗಸು ‘ಬರೆಯಲಿದ್ದೇನೆ’ ಎನ್ನುವಾಗಲೂ ‘ಸ್ಕ್ರೀಪ್ತೂರುಸ್’ ಎನ್ನಬೇಕೇ?

ಸೆಮಿನರಿ ಬಿಟ್ಟವನು, ಮಂಜೇಶ್ವರ

ಮೊದಲನೆಯದು ಅಪವಾದ. ಹುಟ್ಟು, ಸಾವು ಎರಡೂ ನಿಯಮಕ್ಕೆ ಸಿಕ್ಕುವುದಿಲ್ಲ ಎಂದು ಇಟ್ಟುಕೊಳ್ಳಿ. ಹುಟ್ಟಲಿರುವುದಕ್ಕೆ ‘ನಾಸ್ಕಿತೂರುಸ್’, ಅದೂ ಅಂಕೆ ಮೀರಿದ್ದೇ. ಎರಡನೆಯದಕ್ಕೆ: ಇಲ್ಲ, ನೀವು ‘ಸ್ಕ್ರೀಪ್ತೂರ ಸುಮ್’ ಎನ್ನಬೇಕು, ನಾನು ‘ಸ್ಕ್ರೀಪ್ತೂರುಸ್ ಸುಮ್’.

ನಮ್ಮ ಪೂಜೆಯ ವಿಶ್ವಾಸ ಪ್ರಮಾಣದಲ್ಲಿ ‘ವೆಂತೂರುಸ್ ಎಸ್ತ್’ ಎಂದು ಬರುತ್ತದೆ, ‘ಬರಲಿದ್ದಾನೆ’. ಅದರ ಕೊನೆಯಲ್ಲಿ ‘ವೆಂತೂರಿ’ ಇನ್ನೊಮ್ಮೆ ಬರುತ್ತದೆ, ‘ಬರಲಿರುವ ಯುಗದ ಬದುಕು’ ಎಂಬಲ್ಲಿ. ನನ್ನ ಅಜ್ಜಿ ಅರ್ಥ ತಿಳಿಯದೆಯೇ ಲ್ಯಾಟಿನ್ನಿನಲ್ಲಿ ಪೂರ್ತಿ ಹೇಳುತ್ತಿದ್ದಳು. ಒಂದಕ್ಷರ ತಪ್ಪುತ್ತಿರಲಿಲ್ಲ. ನಾನು ಮೂರು ವರ್ಷ ಕಲಿತ ಮೇಲೂ ಒಮ್ಮೆ ಅಲ್ಲಿ ತಡವರಿಸಿದ್ದೆ.

ನಿವೃತ್ತ ಮಾಷ್ಟ್ರು, ನೀರ್ಚಾಲು

ಲಿಂಗದ ವಿಷಯ ಕನ್ನಡದಲ್ಲೂ ಇದೆ, ಗಮನಿಸು. ‘ಬರೆಯುತ್ತೇನೆ’ ಎಂದರೆ ಹೇಳುವವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ‘ಬರೆಯುವವಳಿದ್ದೇನೆ’ ಎಂದರೆ ತಿಳಿಯುತ್ತದೆ. ಕೃದಂತ ಬಂದಲ್ಲಿ ಲಿಂಗವೂ ಬರುತ್ತದೆ. ಊರುಸ್‌ಗೆ ‘ಬರೆಯಲಿರುವ’ಕ್ಕಿಂತ ಈ ‘ಬರೆಯುವವಳಿದ್ದೇನೆ’ ಹೆಚ್ಚು ಹತ್ತಿರ ಎಂದು ನನ್ನ ಅಭಿಪ್ರಾಯ.

ಮುಳ್ಳೇರಿಯದ ತೋಟದವಳು

ಹಾಗಾದರೆ ನನ್ನದೇ ಒಂದು ವಾಕ್ಯ, ತಿದ್ದಿ ಕೊಡಿ. ಅಂಗಳದಲ್ಲಿ ಚಾಲಿ ಅಡಿಕೆ ಹರಡಿದೆ, ಮೂಡಣದಲ್ಲಿ ಮೋಡ ಕಟ್ಟಿದೆ. ‘ಮಳೆ ಬರಲಿದೆ, ನನಗೆ ಅಡಿಕೆ ಹೆಕ್ಕಬೇಕು.’ ಅಡಿಕೆಗೆ ಸಸ್ಯಶಾಸ್ತ್ರದ ‘ಅರೇಕ’ವನ್ನೇ ಬಳಸಿದ್ದೇನೆ. ಪೋರ್ಚುಗೀಸರು ನಮ್ಮ ಕರಾವಳಿಯಿಂದಲೇ ಒಯ್ದ ಶಬ್ದ ಅದು.

ಪ್ಲುವಿಯ ವೆಂತೂರ ಎಸ್ತ್. ಅರೇಕ ಮಿಹಿ ಕೊಲ್ಲೇಕ್ತೂರ ಎಸ್ತ್.

ಸೆಮಿನರಿ ಬಿಟ್ಟವನು, ಮಂಜೇಶ್ವರ

ಮಳೆ ಸರಿಯಾಗಿದೆ. ಎರಡನೆಯ ವಾಕ್ಯದಲ್ಲಿ ಅಡಿಕೆಯೇ ಎದ್ದು ನಿಮಗಾಗಿ ಹೆಕ್ಕಲು ಹೊರಟಿದೆ. ಅಂಥ ತಳಿ ನಿಮ್ಮಲ್ಲಿದ್ದರೆ ನನಗೂ ನಾಲ್ಕು ಸಸಿ ಇಡಿ.

ಔಷಧದಂಗಡಿ, ಉಪ್ಪಳ

ನನಗೆ ಹತ್ತು.

ಮುಳ್ಳೇರಿಯದ ತೋಟದವಳು

ಕೊಲ್ಲಿಗೆಂದ! ಅರೇಕ ಮಿಹಿ ಕೊಲ್ಲಿಗೆಂದ ಎಸ್ತ್. ಹನಿ ಬೀಳಲು ಶುರುವಾಯಿತು, ಅತ್ತೆ ಕರೆಯುತ್ತಿದ್ದಾರೆ, ಟರ್ಪಾಲು ಎಲ್ಲಿದೆಯೋ ಗೊತ್ತಿಲ್ಲ. ಉಳಿದದ್ದು ರಾತ್ರಿ.